'ಕಾವೇರಿ' ಅಂತ ಹುಡುಕಿದರೆ ಯಾವ ಕಾವೇರಿ?

ಗೂಗಲ್‌ನಲ್ಲಿ ಸುಮ್ನೆ 'ಕಾವೇರಿ' ಎಂದು ಟೈಪ್ ಮಾಡಿದವರಿಗೆ ಏನು ಬೇಕಿರುತ್ತದೆ? ಸೈಟು ಕೊಳ್ಳಲು ಹೊರಟವರಿಗೆ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಯಲು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್ ಬೇಕು. ಬೆಂಗಳೂರಿನ ಹೊರವಲಯದವರಿಗೆ ಕಾವೇರಿ 5ನೇ ಹಂತದ ನೀರಿನ ಕನೆಕ್ಷನ್. ಗಂಧದ ಬೊಂಬೆ ಕೊಳ್ಳುವವರಿಗೆ ಕಾವೇರಿ ಎಂಪೋರಿಯಂ. ಯುದ್ಧವಿಮಾನದ ಹುಚ್ಚಿರುವ ಹುಡುಗರಿಗೆ ಬೆಂಗಳೂರಿನ ಜಿಟಿಆರ್‌ಇ ಎಂಬ ಸಂಶೋಧನಾ ಸಂಸ್ಥೆ ತಯಾರಿಸಿದ ಕಾವೇರಿ ಜೆಟ್ ಎಂಜಿನ್. ಹೋಂವರ್ಕ್ ಮಾಡುವ ಮಗುವಿಗೆ ನದಿ.

ಚೆನ್ನಾಗಿರುವ ಪುಟ ಮೇಲೆ, ಉಳಿದದ್ದು ಕೆಳಗೆ. ರ‍್ಯಾಂಕಿಂಗ್ ಎಂದರೆ ಇಷ್ಟೇ ಎಂದು ನಾವು ಅಂದುಕೊಂಡಿರುತ್ತೇವೆ. ಪದಕ್ಕೆ ಒಂದೇ ಅರ್ಥವಿದ್ದರೆ ಅದು ಹೆಚ್ಚುಕಡಿಮೆ ಸರಿ. ಹಲವು ಅರ್ಥ ಇದ್ದಾಗ ಲೆಕ್ಕ ಬೇರೆ. ಮೊದಲು ಅರ್ಥಗಳ ನಡುವೆ ಪೈಪೋಟಿ, ಪುಟಗಳ ನಡುವಿನ ಪೈಪೋಟಿ ಆಮೇಲೆ.

ಒಂದು ಲೆಕ್ಕ ಹಾಕಿ ನೋಡೋಣ. ನೂರು ಜನ 'ಕಾವೇರಿ' ಹುಡುಕಿದರು ಅನ್ನಿ. 50 ಮಂದಿಗೆ ಪೋರ್ಟಲ್ ಬೇಕು, 30 ಮಂದಿಗೆ ನದಿ, 20 ಮಂದಿಗೆ ಎಂಪೋರಿಯಂ. ಯಾವ ಪುಟ ತೋರಿಸಿದರೂ ಅದು ಬೇಕಿದ್ದವರಲ್ಲಿ ಅರ್ಧ ಜನರಿಗೆ ಕೆಲಸ ಆಗುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಜಾಗ ಪೋರ್ಟಲ್‌ಗೆ ಕೊಟ್ಟರೆ 25 ಮಂದಿಗೆ ಸಮಾಧಾನ, ಹಾಗಾಗಿ ಅದೇ ಸರಿ. ಎರಡನೆಯ ಜಾಗಕ್ಕೂ ಪೋರ್ಟಲ್ ಬಗ್ಗೆಯೇ ಇನ್ನೊಂದು ಪುಟ ಹಾಕಿದರೆ? ಉಳಿದ 25ರಲ್ಲಿ ಅರ್ಧ, ಅಂದರೆ ಹನ್ನೆರಡೂವರೆ. ನದಿಯ ಪುಟ ಹಾಕಿದರೆ 15. ನದಿ ಗೆದ್ದಿತು. ಮೂರನೆಯ ಜಾಗಕ್ಕೆ ಆ ಹನ್ನೆರಡೂವರೆಯೇ ದೊಡ್ಡದು, ಹಾಗಾಗಿ ಅದು ಮತ್ತೆ ಪೋರ್ಟಲ್‌ಗೆ. ನಾಲ್ಕನೆಯದಕ್ಕೆ ಎಂಪೋರಿಯಂ ಹಾಕಿದರೆ 10 ಮಂದಿ, ನದಿಯ ಎರಡನೇ ಪುಟಕ್ಕೆ ಏಳೂವರೆಯಷ್ಟೇ. ಹಾಗಾಗಿ ಅದು ಎಂಪೋರಿಯಂ ಪಾಲು. ನದಿಯ ಬಗ್ಗೆ ನೀವು ಎಷ್ಟೇ ಮುತುವರ್ಜಿಯಿಂದ ಬರೆದಿರಿ, ನಿಮಗಿಂತ ಮುಂದೆ ಇನ್ನೊಂದು ನದಿ ಪುಟ ಕೂತಿದ್ದರೆ ನಿಮ್ಮದು ಅಂಗಡಿಯ ವಿಳಾಸಕ್ಕಿಂತ ಕೆಳಗೆ ಬರುತ್ತದೆ. ಅನ್ಯಾಯ ಅನ್ನಿಸಬಹುದು. ಆದರೆ ಹುಡುಕುವವರ ಕಡೆಯಿಂದ ನೋಡಿದರೆ ಇದು ನ್ಯಾಯವೇ.

ಈ ಬಗೆಯ ಲೆಕ್ಕವನ್ನು ಮೈಕ್ರೋಸಾಫ್ಟ್‌ನ ರಾಕೇಶ್ ಅಗರವಾಲ್ ಮತ್ತು ಅವರ ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದರು. ಕಂಪನಿಗಳು ತಮ್ಮ ಪೂರ್ತಿ ಸೂತ್ರ ಬಿಟ್ಟುಕೊಡುವುದಿಲ್ಲ. ಆದರೂ ಗೂಗಲ್ ತನ್ನ ಹುಡುಕಾಟದ ಫಲಿತಾಂಶ ಪರಿಶೀಲಿಸುವ ಮೌಲ್ಯಮಾಪಕರಿಗೆ ಕೊಡುವ ಕೈಪಿಡಿ ಬಹಿರಂಗವಾಗಿಯೇ ಇದೆ. ಅದು ಒಂದು ಪದದ ಅರ್ಥಗಳನ್ನು ಮೂರು ಬಗೆ ಮಾಡುತ್ತದೆ: ಬಹುತೇಕರು ಬಯಸುವ ಅರ್ಥ, ಸಾಕಷ್ಟು ಜನ ಬಯಸುವ ಅರ್ಥ, ಅಪರೂಪದ ಅರ್ಥ.

ಇನ್ನು 50, 30, 20 ಅನ್ನುವ ಅಂದಾಜು ಎಲ್ಲಿಂದ ಬರುತ್ತದೆ? ಜನ ಯಾವುದನ್ನು ಕ್ಲಿಕ್ ಮಾಡಿದರು, ಬೇಕಾದದ್ದು ಸಿಗದೆ ಮುಂದೆ ಏನು ಟೈಪ್ ಮಾಡಿದರು, ಯಾವ ಊರಿನಲ್ಲಿದ್ದಾರೆ, ಇವೆಲ್ಲ ಸುಳಿವು. ಸ್ಪೆಲ್ಲಿಂಗ್ ಕೂಡ ಸುಳಿವೇ. ಇಂಗ್ಲಿಷ್‌ನಲ್ಲಿ ನದಿ ವಿವಾದದ ನ್ಯಾಯಮಂಡಳಿಗೂ ಎಂಪೋರಿಯಂಗೂ 'ಸಿ'ಯಿಂದ ಶುರುವಾಗುವ ಕಾವೇರಿ. ಪೋರ್ಟಲ್‌ಗೂ ಜೆಟ್ ಎಂಜಿನ್‌ಗೂ 'ಕೆ'. ಕನ್ನಡ ಲಿಪಿಯಲ್ಲಿ ಹುಡುಕಿದರೆ ಈ ಸುಳಿವು ಇಲ್ಲ. ಇನ್ನೊಂದೆಡೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಾಗ ಹಾಲು, ಹಾಳು ಎರಡೂ ಒಂದೇ ಆಗಿಬಿಡುತ್ತವೆ, ಅಲ್ವಾ?

2012ರಲ್ಲಿ ಗೂಗಲ್ 'ನಾಲೆಡ್ಜ್ ಗ್ರಾಫ್' ತಂದಿತು. ಅಕ್ಷರಗಳನ್ನು ಹೊಂದಿಸುವುದಷ್ಟೇ ಅಲ್ಲ, ಅವುಗಳ ಹಿಂದಿರುವ ಊರು, ವ್ಯಕ್ತಿ, ವಸ್ತುಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಅದರ ಕೆಲಸ. ಆಗ ಗೂಗಲ್ ಕೊಟ್ಟ ಉದಾಹರಣೆ ತಾಜ್ ಮಹಲ್: ಆಗ್ರಾದ ಸ್ಮಾರಕವೂ ಹೌದು, ಅಮೆರಿಕದ ಒಬ್ಬ ಸಂಗೀತಗಾರನ ಹೆಸರೂ ಹೌದು. 2019ರಲ್ಲಿ ಗೂಗಲ್ ಹುಡುಕಾಟಕ್ಕೆ ಬಂದ ಬರ್ಟ್ ಎಂಬ ಭಾಷಾ ಮಾದರಿ, ಅಕ್ಕಪಕ್ಕದ ಪದಗಳನ್ನು ನೋಡಿ ಅರ್ಥ ಹಿಡಿಯುವುದನ್ನು ಇನ್ನಷ್ಟು ಸುಧಾರಿಸಿತು. ಆದರೆ ಒಂಟಿ ಪದಕ್ಕೆ ಅಕ್ಕಪಕ್ಕವೇ ಇಲ್ಲವಲ್ಲ! ಅಲ್ಲಿ ಅಂದಾಜೇ ಗತಿ.

ಆ ಅಂದಾಜು ಸ್ಥಿರವೂ ಅಲ್ಲ. ಮಳೆಗಾಲದಲ್ಲಿ ಕೆಆರ್‌ಎಸ್ 124.80 ಅಡಿಯ ಗರಿಷ್ಠ ಮಟ್ಟದ ಹತ್ತಿರ ಬಂದಾಗ 'ಕಾವೇರಿ' ಅಂದರೆ ಅಣೆಕಟ್ಟಿನ ನೀರು. ಅಕ್ಟೋಬರ್‌ನಲ್ಲಿ ತಲಕಾವೇರಿಯ ತೀರ್ಥೋದ್ಭವ. ಇನ್ನೂ ದೊಡ್ಡ ಉದಾಹರಣೆ 'ಕೊರೊನಾ'. 2019ರವರೆಗೆ ಅದು ಮೆಕ್ಸಿಕೋದ ಬಿಯರ್, ಸೂರ್ಯನ ಹೊರಕವಚ, ಕ್ಯಾಲಿಫೋರ್ನಿಯಾದ ಒಂದು ಊರು. 2020ರ ಮೊದಲ ತಿಂಗಳುಗಳಲ್ಲಿ ಜಗತ್ತೆಲ್ಲ ಆ ಪದದಿಂದ ಹುಡುಕಿದ್ದು ವೈರಸ್ಸನ್ನು. ಸೂರ್ಯನ ಕೊರೊನಾ ಬಗ್ಗೆ ಬರೆದಿಟ್ಟ ಪುಟಗಳಲ್ಲಿ ಒಂದಕ್ಷರವೂ ಕೆಟ್ಟಿರಲಿಲ್ಲ. ಆದರೂ ಆ ಒಂಟಿ ಪದಕ್ಕೆ ಅವು ಹಿಂದೆ ಸರಿಯಲೇಬೇಕಿತ್ತು.

ವೆಬ್‌ಸೈಟ್ ನಡೆಸುವವರು ರ‍್ಯಾಂಕ್ ಕುಸಿದ ತಕ್ಷಣ ಪುಟವನ್ನೇ ತಿದ್ದಲು ಕೂರುತ್ತಾರೆ. ಅದಕ್ಕೂ ಮುಂಚೆ ನೋಡಬೇಕಾದದ್ದು, ತಮ್ಮ ಜಾಗಕ್ಕೆ ಬಂದು ಕೂತವರು ಯಾರು ಅಂತ. ಅದೇ ವಿಷಯದ ಇನ್ನೊಂದು ಪುಟ ಬಂದಿದ್ದರೆ ಬರಹ ಸುಧಾರಿಸಬೇಕು. ಬೇರೆಯೇ ಅರ್ಥದ ಪುಟ ಬಂದಿದ್ದರೆ ತಿದ್ದುಪಡಿಯಿಂದ ಹೆಚ್ಚೇನೂ ಆಗದು. ಕೊಡಗಿನಲ್ಲಿ 'ಕಾವೇರಿ' ಎಂಬ ಹೋಮ್‌ಸ್ಟೇ ಇಟ್ಟವರು ಆ ಒಂದೇ ಪದಕ್ಕೆ ನದಿಯ ಜೊತೆ, ಸರ್ಕಾರಿ ಪೋರ್ಟಲ್ ಜೊತೆ ಗುದ್ದಾಡಿ ಗೆಲ್ಲುವುದು ಕಷ್ಟ. 'ಮಡಿಕೇರಿ ಹೋಮ್‌ಸ್ಟೇ', 'ಭಾಗಮಂಡಲದ ಹತ್ತಿರ ರೂಮು' ಎಂದು ಹುಡುಕುವವರಿಗೆ ಸಿಗುವಂತೆ ಪುಟದ ಶೀರ್ಷಿಕೆ ಬರೆದುಕೊಂಡರೆ ಅಲ್ಲಿ ಅರ್ಥದ ಜಗಳವೇ ಇಲ್ಲ. ಪೈಪೋಟಿ ಬೇರೆ ಹೋಮ್‌ಸ್ಟೇಗಳ ಜೊತೆ ಮಾತ್ರ.