ಎಡ್ಡಿ ರಾಬಿನ್ಸನ್: 408 ಗೆಲುವಿನ ಹಿಂದೆ ಇದ್ದ ಇನ್ನೊಂದು ಹೋರಾಟ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಕಪ್ಪು ಜನಾಂಗದ ಮುಖ್ಯ ಕೋಚ್‌ಗಳು ಯಾಕಿಷ್ಟು ಕಡಿಮೆ? ಈ ಪ್ರಶ್ನೆ ಇವತ್ತಿಗೂ ಆಗಾಗ ಏಳುತ್ತದೆ. ಅದರ ಬೇರು ಗೊತ್ತಾಗಬೇಕಾದರೆ ಕಪ್ಪು ಜನರ ಕಾಲೇಜೊಂದರ ಕೋಚ್ ಆಗಿದ್ದ ಎಡ್ಡಿ ರಾಬಿನ್ಸನ್ ಕಥೆ ತಿಳಿಯಬೇಕು. ಅಂದಹಾಗೆ ಇದು ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕಿಕೊಂಡು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ.

ರಾಬಿನ್ಸನ್ ಹುಟ್ಟಿದ್ದು 1919ರಲ್ಲಿ, ಲೂಯಿಸಿಯಾನಾದ ಜಾಕ್ಸನ್‌ನಲ್ಲಿ. ಅಪ್ಪ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದರು, ಅಮ್ಮ ಮನೆಗೆಲಸಕ್ಕೆ ಹೋಗುತ್ತಿದ್ದರು. ಬೆಳೆದದ್ದು ಬ್ಯಾಟನ್ ರೂಜ್‌ನಲ್ಲಿ. ಅದೇ ಊರಲ್ಲಿ ರಾಜ್ಯದ ದೊಡ್ಡ ವಿಶ್ವವಿದ್ಯಾಲಯ ಇತ್ತು, ಆದರೆ ಕಪ್ಪು ಹುಡುಗರಿಗೆ ಅಲ್ಲಿ ಸೀಟು ಇರಲಿಲ್ಲ. ಹಾಗಾಗಿ ಲೀಲ್ಯಾಂಡ್ ಎಂಬ ಸಣ್ಣ ಕಾಲೇಜು ಸೇರಿ, ಮೈದಾನದಲ್ಲಿ ತಂಡ ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದರು. ಡಿಗ್ರಿ ಮುಗಿಸಿ ಬಂದವರಿಗೆ ಸಿಕ್ಕಿದ್ದು ಪಶು ಆಹಾರದ ಮಿಲ್ಲಿನ ಕೆಲಸ, ಗಂಟೆಗೆ 25 ಸೆಂಟ್.

1941ರಲ್ಲಿ ಗ್ರ್ಯಾಂಬ್ಲಿಂಗ್ ಎಂಬ ಸಣ್ಣ ಊರಿನ ಕಪ್ಪು ಜನರ ಕಾಲೇಜು ಅವರನ್ನು ಕೋಚ್ ಮಾಡಿಕೊಂಡಿತು. ವಯಸ್ಸು 22, ಸಂಬಳ ತಿಂಗಳಿಗೆ 63.75 ಡಾಲರ್. ಮೈದಾನದ ಹುಲ್ಲು ಕತ್ತರಿಸುವುದು, ಗೆರೆ ಎಳೆಯುವುದು, ಹುಡುಗರ ಕಾಲಿಗೆ ಪಟ್ಟಿ ಸುತ್ತುವುದು, ಪಂದ್ಯ ಮುಗಿದ ಮೇಲೆ ಪತ್ರಿಕೆಗಳಿಗೆ ವರದಿ ಬರೆದು ಕಳಿಸುವುದು, ಎಲ್ಲ ಅವರದೇ. ಮೊದಲ ವರ್ಷ ಮೂರು ಗೆಲುವು, ಐದು ಸೋಲು. ಮರುವರ್ಷ ಒಂಬತ್ತಕ್ಕೆ ಒಂಬತ್ತೂ ಗೆಲುವು, ಅದೂ ಎದುರಾಳಿಗಳಿಗೆ ಒಂದೇ ಒಂದು ಪಾಯಿಂಟ್ ಕೊಡದೆ!

1949ರಲ್ಲಿ ಅವರ ಗರಡಿಯ ಹುಡುಗ ಟ್ಯಾಂಕ್ ಯಂಗರ್, ಕಪ್ಪು ಜನರ ಕಾಲೇಜುಗಳಿಂದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೋದ ಮೊದಲ ಆಟಗಾರನಾದ. ಅವನ ಹಿಂದೆ 200ಕ್ಕೂ ಹೆಚ್ಚು ಜನ ವೃತ್ತಿಪರ ಆಟಕ್ಕೆ ಹೋದರು.

ಆದರೆ ನನಗೆ ಇದಕ್ಕಿಂತ ದೊಡ್ಡದು ಅನ್ನಿಸುವುದು ಅವರು ಬೆಳೆಸಿದ ಕ್ವಾರ್ಟರ್‌ಬ್ಯಾಕ್‌ಗಳು. ಕ್ವಾರ್ಟರ್‌ಬ್ಯಾಕ್ ಅಂದರೆ ಮೈದಾನದಲ್ಲಿ ತಂಡವನ್ನು ನಡೆಸುವವನು. ಕಪ್ಪು ಹುಡುಗರು ಓಡಬಲ್ಲರು, ಹಾರಬಲ್ಲರು, ಆದರೆ ತಂಡ ನಡೆಸುವ ತಲೆ ಅವರಿಗಿಲ್ಲ ಅನ್ನುವ ಕೆಟ್ಟ ನಂಬಿಕೆ ಆಗ ಎಲ್ಲ ಕಡೆ ಬೇರೂರಿತ್ತು. 1968ರಲ್ಲಿ ಓಕ್ಲೆಂಡ್ ತಂಡ ಎಲ್ಡ್ರಿಜ್ ಡಿಕಿ ಎಂಬ ಒಳ್ಳೆಯ ಕಪ್ಪು ಕ್ವಾರ್ಟರ್‌ಬ್ಯಾಕ್‌ನನ್ನು ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸುವ ಮೊದಲ ಸುತ್ತಿನಲ್ಲೇ ಆರಿಸಿಕೊಂಡು, ಆಮೇಲೆ ಚೆಂಡು ಹಿಡಿಯುವ ಜಾಗಕ್ಕೆ ತಳ್ಳಿತು. ರಾಬಿನ್ಸನ್ ಸುಮ್ನೆ ಕೂರಲಿಲ್ಲ. ಜೇಮ್ಸ್ ಹ್ಯಾರಿಸ್‌ನನ್ನು ಕ್ವಾರ್ಟರ್‌ಬ್ಯಾಕ್ ಆಗಿಯೇ ತಯಾರು ಮಾಡಿದರು. 1969ರಲ್ಲಿ ಬಫಲೋ ತಂಡದ ಸೀಸನ್ನಿನ ಮೊದಲ ಪಂದ್ಯಕ್ಕೆ ಶುರುವಿನಿಂದಲೇ ಕ್ವಾರ್ಟರ್‌ಬ್ಯಾಕ್ ಆಗಿ ಇಳಿದದ್ದು ಅವನೇ. ಅವರದೇ ಗರಡಿಯ ಇನ್ನೊಬ್ಬ ಹುಡುಗ ಡಗ್ ವಿಲಿಯಮ್ಸ್ 1988ರ ಜನವರಿಯಲ್ಲಿ ವಾಷಿಂಗ್ಟನ್ ತಂಡಕ್ಕೆ ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್ ಫೈನಲ್, ಗೆದ್ದುಕೊಟ್ಟ, 42-10. ಪಂದ್ಯದ ನಾಲ್ಕು ಭಾಗಗಳಲ್ಲಿ ಒಂದರಲ್ಲೇ, ಎಸೆದ ಚೆಂಡಿನಿಂದ ನಾಲ್ಕು ಟಚ್‌ಡೌನ್ (ನಮ್ಮ ಕಾಲ್ಚೆಂಡಿನ ಗೋಲಿನಂಥದ್ದು)! ಪಂದ್ಯಶ್ರೇಷ್ಠನೂ ಅವನೇ.

ಇದರ ನಡುವೆ ಒಂದು ನೋವಿನ ಸಂಗತಿಯೂ ಇದೆ. 1970ರ ದಶಕದಲ್ಲಿ ದಕ್ಷಿಣದ ಬಿಳಿಯರ ವಿಶ್ವವಿದ್ಯಾಲಯಗಳು ಕಪ್ಪು ಆಟಗಾರರಿಗೆ ಬಾಗಿಲು ತೆರೆದವು. ಅದು ಆಗಲೇಬೇಕಿತ್ತು. ಆದರೆ ದುಡ್ಡು, ದೊಡ್ಡ ಸ್ಟೇಡಿಯಂ, ಟಿವಿ ಎಲ್ಲ ಇದ್ದ ಆ ಕಾಲೇಜುಗಳ ಮುಂದೆ ಗ್ರ್ಯಾಂಬ್ಲಿಂಗ್‌ನಂಥವು ಒಳ್ಳೆಯ ಹುಡುಗರನ್ನು ಕಳೆದುಕೊಳ್ಳುತ್ತಾ ಹೋದವು. ಆಟಗಾರರನ್ನು ಬಾಚಿಕೊಂಡವರು ಅವರನ್ನು ಬೆಳೆಸುತ್ತಿದ್ದ ಕೋಚ್‌ಗಳನ್ನು ಮಾತ್ರ ಕರೆಯಲಿಲ್ಲ. ನನ್ನ ಪ್ರಕಾರ ಇವತ್ತಿನ ಪ್ರಶ್ನೆಯ ಬೇರು ಇಲ್ಲೇ ಇದೆ. ಬಿಳಿಯರೇ ಹೆಚ್ಚಿದ್ದ, ಮೊದಲ ದರ್ಜೆಯಲ್ಲಿ ಆಡುವ ವಿಶ್ವವಿದ್ಯಾಲಯವೊಂದಕ್ಕೆ ಮೊದಲ ಬಾರಿಗೆ ಕಪ್ಪು ಮುಖ್ಯ ಕೋಚ್ ಬಂದದ್ದು 1979ರಲ್ಲಿ, ವಿಚಿಟಾ ಸ್ಟೇಟ್‌ಗೆ ವಿಲ್ಲಿ ಜೆಫ್ರೀಸ್.

ರಾಬಿನ್ಸನ್ ಗ್ರ್ಯಾಂಬ್ಲಿಂಗ್‌ನಲ್ಲೇ ಉಳಿದರು. 1985ರಲ್ಲಿ 324ನೇ ಗೆಲುವಿನೊಂದಿಗೆ ಅಲಬಾಮಾದ ಕೋಚ್ ಬೇರ್ ಬ್ರಯಂಟ್ ಅವರ ಅತಿ ಹೆಚ್ಚು ಗೆಲುವಿನ ದಾಖಲೆ ದಾಟಿದರು. 1997ರಲ್ಲಿ ನಿವೃತ್ತರಾದಾಗ ಲೆಕ್ಕ 408 ಗೆಲುವು, 165 ಸೋಲು, 15 ಡ್ರಾ. ಅವರ ಜಾಗಕ್ಕೆ ಬಂದದ್ದು ಡಗ್ ವಿಲಿಯಮ್ಸ್. ಕೊನೆಯ ವರ್ಷಗಳಲ್ಲಿ ರಾಬಿನ್ಸನ್ ಅವರಿಗೆ ಆಲ್‌ಝೈಮರ್ ಕಾಯಿಲೆ ಬಂತು, 2007ರಲ್ಲಿ ತೀರಿಕೊಂಡರು.

ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳ ಎಸ್‌ಇಸಿ ಕೂಟಕ್ಕೆ ಮೊದಲ ಕಪ್ಪು ಮುಖ್ಯ ಕೋಚ್ ಬಂದದ್ದು 2003ರ ಡಿಸೆಂಬರ್‌ನಲ್ಲಿ, ಮಿಸಿಸಿಪಿ ಸ್ಟೇಟ್‌ಗೆ ಸಿಲ್ವೆಸ್ಟರ್ ಕ್ರೂಮ್. ಆ ಹೊತ್ತಿಗೆ ರಾಬಿನ್ಸನ್ ನಿವೃತ್ತರಾಗಿ ಆರು ವರ್ಷ ಆಗಿತ್ತು.