ಕಾರಿಲ್ಲದೆ ಚಿಕ್ಕ ನಾಯಿಯೊಡನೆ ಬೆಂಗಳೂರಿನಿಂದ ದೆಹಲಿಗೆ ಹೋಗುವುದು ಹೇಗೆ?

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ನಿವೃತ್ತರು. ದೆಹಲಿಯಲ್ಲಿರುವ ಮಗಳ ಮನೆಗೆ ಎರಡು ತಿಂಗಳ ಮಟ್ಟಿಗೆ ಹೋಗಬೇಕಾಗಿದೆ. ಆರು ಕಿಲೋ ತೂಗುವ ನಮ್ಮ ನಾಯಿಯನ್ನು ಬಿಟ್ಟುಹೋಗಲು ಮನಸ್ಸಿಲ್ಲ. ನಮ್ಮಲ್ಲಿ ಕಾರು ಓಡಿಸುವವರೂ ಇಲ್ಲ. ರೈಲು ಒಳ್ಳೆಯದೋ, ವಿಮಾನವೋ?

ಉತ್ತರ: ಇಂಥ ಪ್ರಯಾಣದಲ್ಲಿ ಟಿಕೆಟಿನ ದರಕ್ಕಿಂತ ಮೊದಲು ಇತ್ಯರ್ಥವಾಗಬೇಕಾದದ್ದು, ಹೊರಟಾಗಿನಿಂದ ಇಳಿಯುವವರೆಗೆ ನಾಯಿ ಎಲ್ಲಿರುತ್ತದೆ, ಯಾರ ಕಣ್ಣೆದುರು ಇರುತ್ತದೆ ಎಂಬುದು. ಆ ದೃಷ್ಟಿಯಿಂದ ನೋಡಿದರೆ, ನೀವು ಇಬ್ಬರಿರುವುದರಿಂದ, ರೈಲಿನ ಮೊದಲ ದರ್ಜೆ ಎಸಿಯ ಎರಡು ಬರ್ತ್‌ಗಳ ಕೂಪೆಯನ್ನೇ ನಾನು ಮೊದಲು ಸೂಚಿಸುತ್ತೇನೆ. ಬಾಗಿಲು ಹಾಕಿಕೊಂಡರೆ ಅದು ನಿಮ್ಮದೇ ಕೋಣೆ. ನಾಯಿ ನಿಮ್ಮ ಕಾಲ ಬಳಿಯಲ್ಲೇ ಮಲಗಿರುತ್ತದೆ.

ಭಾರತೀಯ ರೈಲ್ವೆಯ ನಿಯಮದಂತೆ ಪ್ರಯಾಣಿಕರು ನಾಯಿಯನ್ನು ತಮ್ಮ ಬಳಿ ಇಟ್ಟುಕೊಳ್ಳಲು ಅವಕಾಶವಿರುವುದು ಮೊದಲ ದರ್ಜೆಯಲ್ಲಿ ಮಾತ್ರ. ಎರಡನೆಯ ಮತ್ತು ಮೂರನೆಯ ದರ್ಜೆಯ ಎಸಿ, ಚೇರ್ ಕಾರ್, ಸ್ಲೀಪರ್ ಬೋಗಿಗಳಲ್ಲಿ ಇದಕ್ಕೆ ಅನುಮತಿ ಇಲ್ಲ. ಸಿಕ್ಕಿಬಿದ್ದರೆ ಲಗೇಜ್ ದರದ ಆರು ಪಟ್ಟು ತೆರಬೇಕಾಗುತ್ತದೆ. ಮೊದಲ ದರ್ಜೆಯಲ್ಲಿಯೂ ನಾಲ್ಕು ಬರ್ತ್‌ಗಳ ಕ್ಯಾಬಿನ್ ಸಿಕ್ಕಿ, ಸಹಪ್ರಯಾಣಿಕರು ಆಕ್ಷೇಪಿಸಿದರೆ ನಾಯಿಯನ್ನು ಬ್ರೇಕ್ ವ್ಯಾನಿಗೆ, ಅಂದರೆ ಗಾರ್ಡ್ ಮತ್ತು ಸಾಮಾನುಗಳಿರುವ ಬೋಗಿಗೆ, ಕಳುಹಿಸುತ್ತಾರೆ, ಕಟ್ಟಿದ ಹಣವೂ ಹಿಂದಿರುಗುವುದಿಲ್ಲ. ಆದ್ದರಿಂದಲೇ ಕೂಪೆ ಸಿಗುವುದು ಇಷ್ಟು ಮುಖ್ಯ.

ತೊಡಕಿರುವುದೂ ಇಲ್ಲಿಯೇ. ಟಿಕೆಟ್ ಖಚಿತವಾದರೂ ಕೂಪೆ ಖಚಿತವಾಗುವುದಿಲ್ಲ. ಯಾರಿಗೆ ಕೂಪೆ, ಯಾರಿಗೆ ಕ್ಯಾಬಿನ್ ಎಂಬುದು ಪ್ರಯಾಣಿಕರ ಅಂತಿಮ ಪಟ್ಟಿಯಾದ ಚಾರ್ಟ್ ಸಿದ್ಧವಾಗುವಾಗ ನಿರ್ಧಾರವಾಗುತ್ತದೆ. 2024ರ ನವೆಂಬರ್‌ನಿಂದ ಮುಂಗಡ ಕಾಯ್ದಿರಿಸುವಿಕೆಯ ಅವಧಿ 60 ದಿನಗಳು. ಅದು ತೆರೆದ ಕೂಡಲೇ ಇಬ್ಬರ ಹೆಸರಿನಲ್ಲಿ ಒಂದೇ ಪಿಎನ್‌ಆರ್‌ನಲ್ಲಿ ಟಿಕೆಟ್ ಮಾಡಿಸಿ. ಬಳಿಕ ಟಿಕೆಟಿನ ಪ್ರತಿ ಮತ್ತು ನಾಯಿಯ ಲಸಿಕೆ ಪುಸ್ತಕದ ಪ್ರತಿಯನ್ನು ಲಗತ್ತಿಸಿ, ನಾಯಿಯೊಡನೆ ಪ್ರಯಾಣಿಸುತ್ತಿರುವುದರಿಂದ ಕೂಪೆ ನೀಡಬೇಕೆಂದು ನೈರುತ್ಯ ರೈಲ್ವೆಯ ಬೆಂಗಳೂರು ವಿಭಾಗೀಯ ಕಚೇರಿಯ ವಾಣಿಜ್ಯ ವಿಭಾಗಕ್ಕೆ ಅರ್ಜಿ ಬರೆದು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಪ್ರಯಾಣಕ್ಕೆ ಒಂದೆರಡು ದಿನ ಇರುವಾಗ ಮತ್ತೊಮ್ಮೆ ಹೋಗಿ ನೆನಪಿಸುವುದು ಒಳ್ಳೆಯದು. ಇಷ್ಟಾದರೂ ಕೂಪೆ ಸಿಗದಿರಬಹುದು; ಅಂಥ ಸಂದರ್ಭಕ್ಕೆಂದು ನಾಯಿಯನ್ನು ನಂಬಿಕೆಯಿಂದ ಇಟ್ಟುಕೊಳ್ಳುವ ಒಂದು ಮನೆಯನ್ನು ಮೊದಲೇ ಗೊತ್ತುಮಾಡಿಕೊಂಡಿರಿ.

ನಾಯಿಯ ಬುಕಿಂಗ್ ಬೇರೆಯೇ ಕೆಲಸ. ಹೊರಡುವ ದಿನ ರೈಲಿಗೆ ಮೂರು ಗಂಟೆ ಮುಂಚಿತವಾಗಿ ನಿಲ್ದಾಣದ ಪಾರ್ಸೆಲ್ ಕಚೇರಿಗೆ ನಾಯಿಯೊಡನೆ ಹೋಗಿ, ಟಿಕೆಟ್, ಗುರುತಿನ ಚೀಟಿ, ರೇಬೀಸ್ ಲಸಿಕೆ ನಮೂದಾಗಿರುವ ಪುಸ್ತಕ ಹಾಗೂ ಒಂದೆರಡು ದಿನಗಳೊಳಗೆ ಪಶುವೈದ್ಯರಿಂದ ಪಡೆದ ಆರೋಗ್ಯ ಪ್ರಮಾಣಪತ್ರವನ್ನು ತೋರಿಸಿ, ತೂಕದ ಲೆಕ್ಕದಲ್ಲಿ ಹಣ ಕಟ್ಟಿ ರಸೀದಿ ಪಡೆಯಬೇಕು. ಟಿಟಿಇ ಕೇಳುವುದು ಈ ರಸೀದಿಯನ್ನೇ.

ಬ್ರೇಕ್ ವ್ಯಾನಿನಲ್ಲಿ ನಾಯಿಗೆಂದೇ ಒಂದು ಪೆಟ್ಟಿಗೆ ಇರುತ್ತದೆ, ಅದರಲ್ಲಿ ಕಳುಹಿಸಿದರೆ ಖರ್ಚೂ ಕಡಿಮೆ ಎಂದು ನಿಮಗೆ ಯಾರಾದರೂ ಹೇಳಬಹುದು. ದಯವಿಟ್ಟು ಅದನ್ನು ಒಪ್ಪಬೇಡಿ. ಅದು ಎಸಿ ಇಲ್ಲದ, ಸದ್ದಿನಿಂದ ತುಂಬಿದ ಕತ್ತಲೆಯ ಜಾಗ. ರೈಲು ಬಿಸಿಲಿನಲ್ಲಿ ನಿಂತಾಗ ಆ ಜಾಗ ಕಾದು ಬಿಸಿಯಾಗುತ್ತದೆ. ದಾರಿಯಲ್ಲಿ ನೀರು, ಆಹಾರ ಕೊಡುವ ಹೊಣೆ ನಿಮ್ಮದೇ ಆದರೂ, ಕೆಲವೇ ನಿಮಿಷ ನಿಲ್ಲುವ ನಿಲ್ದಾಣದಲ್ಲಿ ನಿಮ್ಮ ಬೋಗಿಯಿಂದ ಅಲ್ಲಿಗೆ ಓಡಿಹೋಗಿ ಮರಳುವುದು ಈ ವಯಸ್ಸಿನಲ್ಲಿ ಸುಲಭವಲ್ಲ. ಮನೆಯೊಳಗೆ ಜನರ ನಡುವೆ ಬೆಳೆದ ಆರು ಕಿಲೋದ ಜೀವವನ್ನು ಎರಡು ರಾತ್ರಿ ಒಂಟಿಯಾಗಿ ಅಲ್ಲಿ ಬಿಡುವುದು ನನ್ನ ದೃಷ್ಟಿಯಲ್ಲಿ ಕ್ರೌರ್ಯವೇ.

ಬೆಂಗಳೂರಿನಿಂದ ದೆಹಲಿಯ ನಿಜಾಮುದ್ದೀನ್ ನಿಲ್ದಾಣಕ್ಕೆ ಹೋಗುವ ರಾಜಧಾನಿ ರೈಲು ರಾತ್ರಿ ಹೊರಟು, ನಡುವೆ ಒಂದು ಪೂರ್ತಿ ಹಗಲನ್ನು ಕಳೆದು, ಮೂರನೆಯ ದಿನದ ಬೆಳಗಿನ ಜಾವ ತಲುಪುತ್ತದೆ. ಇಷ್ಟು ಹೊತ್ತಿನಲ್ಲಿ ನಾಯಿಗೆ ಹಸಿವಿಗಿಂತ ದೊಡ್ಡ ಸಮಸ್ಯೆಯಾಗುವುದು ಮೂತ್ರ ವಿಸರ್ಜನೆ. ಮಣ್ಣು, ಹುಲ್ಲು ಕಂಡರೆ ಮಾತ್ರ ಕಾಲೆತ್ತುವ ನಾಯಿ ರೈಲಿನೊಳಗೆ ಗಂಟೆಗಟ್ಟಲೆ ತಡೆದುಕೊಂಡು ನರಳುತ್ತದೆ. ಇದಕ್ಕಾಗಿ ಒಂದು ತಿಂಗಳು ಮೊದಲೇ ಮನೆಯ ಬಚ್ಚಲಲ್ಲಿ ಹೀರುವ ಪ್ಯಾಡ್ ಹಾಸಿ, ಅದರ ಮೇಲೆ ಹೋಗುವುದನ್ನು ರೂಢಿ ಮಾಡಿಸಿ. ಒಮ್ಮೆ ಬಳಸಿದ ಪ್ಯಾಡಿನ ಚೂರೊಂದನ್ನು ಕೂಪೆಯಲ್ಲಿ ಹಾಸುವ ಹೊಸ ಪ್ಯಾಡಿನ ಮೇಲಿಟ್ಟರೆ ಆ ವಾಸನೆಯೇ ಅದಕ್ಕೆ ದಾರಿ ತೋರುತ್ತದೆ. ಸಿಕಂದರಾಬಾದ್, ನಾಗ್ಪುರ, ಭೋಪಾಲ್‌ನಂಥ ದೊಡ್ಡ ನಿಲ್ದಾಣಗಳಲ್ಲಿ ಒಬ್ಬರು ಇಳಿದು ಅಡ್ಡಾಡಿಸಬಹುದು, ಆದರೆ ಬೋಗಿಯ ಬಾಗಿಲಿನಿಂದ ದೂರ ಹೋಗಬಾರದು. ಬೆದರಿದ ನಾಯಿ ಕೊರಳ ಪಟ್ಟಿಯಿಂದ ತಲೆ ನುಸುಳಿಸಿಕೊಂಡು ಓಡಬಲ್ಲದಾದ್ದರಿಂದ ಎದೆಗೆ ಹಾಕುವ ಹಾರ್ನೆಸ್ ಕಡ್ಡಾಯವೆಂದೇ ತಿಳಿಯಿರಿ. ಅದಕ್ಕೆ ನಿಮ್ಮ ಮೊಬೈಲ್ ಸಂಖ್ಯೆಯ ಬಿಲ್ಲೆ ಇರಲಿ. ಹೊರಡುವುದಕ್ಕೆ ನಾಲ್ಕು ಗಂಟೆ ಮೊದಲು ಹಗುರವಾದ ಊಟ ಕೊಟ್ಟು, ದಾರಿಯಲ್ಲಿ ನೀರನ್ನು ಸ್ವಲ್ಪ ಸ್ವಲ್ಪವಾಗಿ, ಮನೆಯಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಕೊಡಿ. ಮಂಪರು ಬರಿಸುವ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ಎಂದಿಗೂ ನುಂಗಿಸಬೇಡಿ. ಅದು ರಕ್ತದೊತ್ತಡವನ್ನು ಇಳಿಸಬಹುದು, ಉಸಿರಾಟವನ್ನು ಕುಗ್ಗಿಸಬಹುದು.

ವಿಮಾನದಲ್ಲಿ ಹೋದರೆ ಸುಮಾರು ಮೂರು ಗಂಟೆಯಲ್ಲಿ ಪ್ರಯಾಣ ಮುಗಿಯುತ್ತದೆ. ಆಕಾಸ ಏರ್ 2022ರ ನವೆಂಬರ್‌ನಿಂದ ಸಾಕುಪ್ರಾಣಿಗಳನ್ನು ಕ್ಯಾಬಿನ್ನಿನಲ್ಲಿ ಒಯ್ಯಲು ಅವಕಾಶ ಕೊಟ್ಟಿದೆ. ಏರ್ ಇಂಡಿಯಾದಲ್ಲಿಯೂ ಸಾಧ್ಯವಿದೆ. ತೂಕದ ಮಿತಿಯನ್ನು ಲೆಕ್ಕ ಹಾಕುವಾಗ ಕ್ಯಾರಿಯರ್ ಚೀಲದ ತೂಕವೂ ಸೇರುತ್ತದೆ, ಆದ್ದರಿಂದ ನಾಯಿಯನ್ನು ಚೀಲದೊಳಗೆ ಕೂರಿಸಿಯೇ ತೂಗಿ ನೋಡಿ. ಒಂದು ವಿಮಾನದಲ್ಲಿ ಒಯ್ಯಬಹುದಾದ ಪ್ರಾಣಿಗಳ ಸಂಖ್ಯೆ ಬಹಳ ಕಡಿಮೆ. ನಿಮ್ಮ ಟಿಕೆಟಿಗೆ ಹಣ ಕಟ್ಟುವ ಮೊದಲೇ ಕಂಪನಿಗೆ ಕರೆಮಾಡಿ ನಾಯಿಗೆ ಜಾಗವಿದೆಯೇ ಎಂದು ಕೇಳಬೇಕು. ಹಾರಾಟದುದ್ದಕ್ಕೂ ಅದು ಮುಚ್ಚಿದ ಚೀಲದಲ್ಲೇ ಇರಬೇಕಾಗುತ್ತದೆ. ಚೀಲದಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡುವ ನಾಯಿಯಾದರೆ ವಿಮಾನವೇ ಮೇಲು. ಪಗ್, ಶಿಟ್ಜುವಿನಂಥ ಚಪ್ಪಟೆ ಮೂತಿಯ ತಳಿಯಾದರೆ ಉಸಿರಿನ ತೊಂದರೆಯ ಸಂಭವವಿರುವುದರಿಂದ ಪಶುವೈದ್ಯರ ಮಾತು ಕೇಳದೆ ಮುಂದುವರಿಯಬೇಡಿ.

ಎರಡು ತಿಂಗಳ ನಂತರ ಮರಳುವಾಗ ಕೂಪೆಗಾಗಿ ಬೆಂಗಳೂರಿನಲ್ಲಿ ಅರ್ಜಿ ಕೊಟ್ಟರೆ ಪ್ರಯೋಜನವಾಗದು. ರೈಲು ಹೊರಡುವ ಊರಾದ ದೆಹಲಿಯಲ್ಲಿಯೇ ಕೊಡಬೇಕು. ಆ ಕೆಲಸವನ್ನು ನಿಮ್ಮ ಮಗಳಿಗೆ ಈಗಲೇ ಒಪ್ಪಿಸಿ, ಮರುಪ್ರಯಾಣಕ್ಕೆ ಹೊಸ ಆರೋಗ್ಯ ಪ್ರಮಾಣಪತ್ರ ಬೇಕಾಗುವುದರಿಂದ ಅವರ ಮನೆಯ ಹತ್ತಿರದ ಪಶುವೈದ್ಯರನ್ನೂ ವಿಚಾರಿಸಿಡಲು ಹೇಳಿ.