ಬೇಡವಾದರೆ ತೆಗೆಸಬಹುದು ಅಂದ ಹೊಟ್ಟೆಪಟ್ಟಿ

ಹಾಸನದಲ್ಲಿ ಈಗ ಮದುವೆ ಊಟದ ಪಂಕ್ತಿಯಲ್ಲೂ ತೂಕ ಇಳಿಸುವ ಮಾತು ಬರುತ್ತದೆ. ಒಬ್ಬರು ಹೊಟ್ಟೆಗೆ ಬಲೂನು ಹಾಕಿಸಬೇಕು ಅನ್ನುತ್ತಾರೆ. ಇನ್ನೊಬ್ಬರು ಬ್ಯಾಂಡ್, ಅಂದರೆ ಹೊಟ್ಟೆಪಟ್ಟಿ, ಅನ್ನುತ್ತಾರೆ. ‘ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಲ್ಲ, ಆಪರೇಷನ್ ಯಾಕೆ?’ ಅನ್ನುವವರು ಮೂರನೆಯವರು. ಎಲ್ಲ ಒಂದೇ ಅಂದುಕೊಂಡವರೇ ಜಾಸ್ತಿ.

ತೂಕ ಇಳಿಸಲೆಂದು 1954ರಲ್ಲಿ ಅಮೆರಿಕದ ಡಾಕ್ಟರುಗಳು ಸಣ್ಣ ಕರುಳಿಗೆ ಬೈಪಾಸ್, ಅಂದರೆ ಊಟ ಸಾಗಲು ಅಡ್ಡದಾರಿ, ಮಾಡಿದರು, 1966ರಲ್ಲಿ ಎಡ್ವರ್ಡ್ ಮೇಸನ್ ಜಠರಕ್ಕೇ ಬೈಪಾಸ್ ತಂದರು. ಎರಡೂ ಹೊಟ್ಟೆ ಕೊಯ್ದು ಮಾಡುವ ದೊಡ್ಡ ಆಪರೇಷನ್‌ಗಳು.

ಏನನ್ನೂ ಕತ್ತರಿಸದೆ ಆಗಲ್ವಾ ಎಂಬ ಹುಡುಕಾಟದಲ್ಲಿ ಬಂದದ್ದು ಬ್ಯಾಂಡ್. 1986ರಲ್ಲಿ ಲುಬೊಮಿರ್ ಕುಜ್ಮಾಕ್ ಎಂಬ ಸರ್ಜನ್ ಬಿಗಿ ಹೆಚ್ಚುಕಮ್ಮಿ ಮಾಡಬಹುದಾದ ಸಿಲಿಕೋನ್ ಪಟ್ಟಿ ಬಳಸಿದರು. 1993ರಲ್ಲಿ ಬೆಲ್ಜಿಯಂನಲ್ಲಿ ಅದನ್ನೇ ಲ್ಯಾಪ್ರೋಸ್ಕೋಪಿಯಲ್ಲಿ, ಸಣ್ಣ ತೂತುಗಳಿಂದ ಹಾಕಿದರು. 2001ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು.

ಜಠರದ ಮೇಲ್ಭಾಗಕ್ಕೆ ಪಟ್ಟಿ ಸುತ್ತುತ್ತಾರೆ. ಅದರ ಮೇಲೆ ಪುಟ್ಟ ಚೀಲದಷ್ಟು ಜಾಗ ಉಳಿಯುತ್ತದೆ. ಸ್ವಲ್ಪ ತಿಂದರೆ ತುಂಬುತ್ತದೆ. ಪಟ್ಟಿಯಿಂದ ಒಂದು ನಳಿಕೆ ಚರ್ಮದಡಿಯ ಪುಟ್ಟ ಡಬ್ಬಿಯಂಥ ಪೋರ್ಟಿಗೆ ಬರುತ್ತದೆ. ಅಲ್ಲಿಗೆ ಸೂಜಿಯಿಂದ ಸಲೈನ್ ಬಿಟ್ಟರೆ ಬಿಗಿ, ತೆಗೆದರೆ ಸಡಿಲ. ಬೇಡವಾದರೆ ಪಟ್ಟಿಯನ್ನೇ ತೆಗೆಯಬಹುದು. ಕೇಳಲು ಎಷ್ಟು ಹಗುರ ಅಲ್ವಾ?

ಆದರೆ ಬ್ಯಾಂಡ್ ಹಾಕಿಸಿದವರು ಪ್ರತಿ ತುತ್ತನ್ನೂ ನುಣ್ಣಗೆ ಅಗಿಯಬೇಕು. ನಮ್ಮ ಕಡೆ ಮುದ್ದೆ ಅಗಿಯುವುದಲ್ಲ, ನುಂಗುವುದು. ಅಜ್ಜಿಯ ಕಾಲದ ಅಭ್ಯಾಸವನ್ನು ಡಯಟ್ ಚೀಟಿ ಒಂದೇ ವಾರದಲ್ಲಿ ಬದಲಿಸುತ್ತದಾ? ಇನ್ನು ಬಿಗಿ ಸರಿಮಾಡಿಸಲು ಮೊದಲ ವರ್ಷವೇ ಹಲವು ಸಲ ಹೋಗಬೇಕು. ಇಲ್ಲಿಂದ ಬೆಂಗಳೂರಿಗೆ ಸುಮಾರು 180 ಕಿಲೋಮೀಟರ್. ಐದು ನಿಮಿಷದ ಸೂಜಿಗೆ ಒಂದು ದಿನದ ಕೂಲಿ, ಜೊತೆಗೊಬ್ಬರು.

ಪಟ್ಟಿ ಜಾರುವುದು, ಜಠರದ ಗೋಡೆಯನ್ನು ಕೊರೆಯುವುದು, ಬಿಡದ ವಾಂತಿ, ಇವೂ ಕಾಣಿಸಿಕೊಂಡವು. ತೆಗೆಸಿದವರಿಗೆ ಸಾಮಾನ್ಯವಾಗಿ ತೂಕವೂ ವಾಪಸ್ ಬಂತು. ‘ತೆಗೆಸಬಹುದು’ ಎಂಬ ಮಾತು ದೊಡ್ಡ ಅಕ್ಷರದಲ್ಲಿತ್ತು, ಇದು ಸಣ್ಣ ಅಕ್ಷರದಲ್ಲಿ. 2011ರಲ್ಲಿ ಅಮೆರಿಕದ ಇಂಥ ಆಪರೇಷನ್‌ಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಬ್ಯಾಂಡೇ. 2018ರ ಹೊತ್ತಿಗೆ ನೂರಕ್ಕೆ ಒಂದರ ಆಸುಪಾಸು. ಅದರ ಜಾಗಕ್ಕೆ ಬಂದದ್ದು ಸ್ಲೀವ್. ಅದರಲ್ಲಿ ಜಠರದ ಮುಕ್ಕಾಲು ಭಾಗ ಕತ್ತರಿಸಿ ಹೊರಗೆ ತೆಗೆಯುತ್ತಾರೆ. ವಾಪಸ್ ಜೋಡಿಸುವ ಮಾತೇ ಇಲ್ಲ.

ಬಲೂನಿಗೆ ಹೊಟ್ಟೆ ಕೊಯ್ಯುವುದೂ ಬೇಡ. ಬಾಯಿಯಿಂದ ಎಂಡೋಸ್ಕೋಪಿಯಲ್ಲಿ ಇಳಿಸಿ 400ರಿಂದ 700 ಮಿಲಿ ಸಲೈನ್ ತುಂಬುತ್ತಾರೆ. ಜೊತೆಗೆ ನೀಲಿ ಬಣ್ಣ. ಒಳಗೆ ಸೋರಿದರೆ ಮೂತ್ರ ನೀಲಿಯಾಗಿ ಗುಟ್ಟು ರಟ್ಟಾಗುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಗೆ ತೆಗೆಯಲೇಬೇಕು. ನುಂಗುವ ಬಲೂನು ನಾಲ್ಕು ತಿಂಗಳಿಗೆ ತಾನೇ ಖಾಲಿಯಾಗುತ್ತದೆ. ಆಮೇಲೆ ಊಟ ಮೊದಲಿನಂತಾದರೆ ತೂಕವೂ ಮೊದಲಿನಂತೆ.

ಇನ್ನು ವಾರಕ್ಕೊಂದು ಇಂಜೆಕ್ಷನ್. 2025ರಲ್ಲಿ ಮೌಂಜಾರೋ, ವೆಗೋವಿ ಎಂಬ ಇಂಥ ಇಂಜೆಕ್ಷನ್‌ಗಳು ಭಾರತಕ್ಕೆ ಬಂದವು. ಇವನ್ನು ನಿಲ್ಲಿಸಿದರೂ ಬಹುಪಾಲು ಜನರಿಗೆ ತೂಕ ಮರಳುತ್ತದೆ. ಆದರೆ ಬೆಂಗಳೂರು ಬಸ್ಸು ಹತ್ತಬೇಕಾದ್ದು ಕಮ್ಮಿ.

ಹಳೇ ಬ್ಯಾಂಡ್ ಇನ್ನೂ ಒಳಗಿರುವವರು ಒಂದು ಗಮನಿಸಿ. ನೀರೂ ಇಳಿಯದೆ ವಾಂತಿ ಬರುತ್ತಿದ್ದರೆ ಗ್ಯಾಸ್ಟ್ರಿಕ್ ಅಂದುಕೊಂಡು ಸುಮ್ಮನಿರಬೇಡಿ. ಪೋರ್ಟಿನಿಂದ ಸಲೈನ್ ತೆಗೆಸಬೇಕು, ಅದಕ್ಕೆ ಬೇರೆ ಥರದ ಸೂಜಿಯೇ ಬೇಕು. ಆಪರೇಷನ್ ಆದಾಗ ಕೊಟ್ಟ ಕಾಗದಗಳನ್ನು ರೇಷನ್ ಕಾರ್ಡಿನ ಜೊತೆಗೇ ಇಟ್ಟಿರಿ.